ಸಾಕ್ಷಿಕಟ್ಟೆಯಲ್ಲಿ ಕರಣಿಕ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ನ್ಯಾಯಸ್ಥಾನದ ಸಾಕ್ಷಿಕಟ್ಟೆ ಹತ್ತುವವರಲ್ಲಿ ಬಹುಮಂದಿ ಪ್ರತ್ಯಕ್ಷ ಕಂಡವರು. ಒಬ್ಬನು ಜಗಳವನ್ನು ಕಂಡಿರುತ್ತಾನೆ. ಮತ್ತೊಬ್ಬನು ಪತ್ರಕ್ಕೆ ರುಜು ಬೀಳುವಾಗ ಹತ್ತಿರ ನಿಂತಿರುತ್ತಾನೆ. ಮಗದೊಬ್ಬನು ಹಣ ಎಣಿಸಿಕೊಟ್ಟುದನ್ನು ನೋಡಿರುತ್ತಾನೆ. ಇವರ ನಡುವೆ, ಏನನ್ನೂ ಕಣ್ಣಾರೆ ಕಾಣದ ಸಾಕ್ಷಿಯೊಬ್ಬನು ಬರುತ್ತಾನೆ. ವ್ಯವಹಾರ ನಡೆದಾಗ ಅವನು ಆ ಊರಿನಲ್ಲಿಯೇ ಇರಲಿಲ್ಲ. ಕಕ್ಷಿಗಾರರ ಮುಖಪರಿಚಯವೂ ಅವನಿಗೆ ಇರಲಿಲ್ಲ. ಅವನು ಮಾಡಿದುದು ಇಷ್ಟೆ: ಕಿರ್ದಿ ಖಾತೆಗಳನ್ನು ತರಿಸಿಕೊಂಡು ಓದಿದ, ಕೂಡಿ ಕಳೆದು ತಾಳೆ ನೋಡಿದ. ಆದರೂ ಲಕ್ಷಾಂತರ ರೂಪಾಯಿಗಳ ವ್ಯಾಜ್ಯ ಅನೇಕ ವೇಳೆ ಅವನ ಮಾತಿನ ಮೇಲೆಯೇ ನಿಲ್ಲುತ್ತದೆ. ಲೆಕ್ಕಪತ್ರ ಬಲ್ಲ ಈ ತಜ್ಞಸಾಕ್ಷಿಯ ಕಥೆ ಮುನ್ನೂರು ವರ್ಷಗಳಷ್ಟು ಹಳೆಯದು. ಅದರ ಬೇರು ಇನ್ನೂ ಆಳದಲ್ಲಿದೆ.

ಈ ಕಥೆಯ ಉದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಕಂಡ ಸಾಕ್ಷಿಗೆ ಸಿಕ್ಕುವುದು ಬಸ್ಸಿನ ಖರ್ಚು, ಒಂದಿಷ್ಟು ಬತ್ತೆ. ತಜ್ಞಸಾಕ್ಷಿಗಾದರೋ ಅವನನ್ನು ಕರೆಸಿದ ಕಕ್ಷಿಗಾರನು ತಕ್ಕ ಸಂಭಾವನೆಯನ್ನು ತೆರುತ್ತಾನೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂಬುದು ಲೋಕನೀತಿ. ಸತ್ಯವನ್ನೇ ನುಡಿಯುವೆನೆಂಬುದು ಸಾಕ್ಷಿಕಟ್ಟೆಯ ಪ್ರತಿಜ್ಞೆ. ಇವೆರಡೂ ಎದುರುಬದುರಾದಾಗ ಕರಣಿಕನು ಯಾರ ಕಡೆಯವನು?

ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು ಈ ಪ್ರಶ್ನೆಗೆ ಎಡೆಗೊಡದಂತೆ ವ್ಯವಸ್ಥೆ ಮಾಡಿದ್ದರು. ಬೃಹಸ್ಪತಿಯ ಹೆಸರಿನಲ್ಲಿ ನಿಬಂಧಕಾರರು ಉಳಿಸಿಕೊಟ್ಟಿರುವ ವಚನಗಳಲ್ಲಿ ನ್ಯಾಯಸಭೆಗೆ ಹತ್ತು ಅಂಗಗಳನ್ನು ಹೇಳಿದೆ: ರಾಜ, ಅವನು ನೇಮಿಸಿದ ಅಧಿಕಾರಿ, ಸಭ್ಯರು, ಶಾಸ್ತ್ರ, ಗಣಕ, ಲೇಖಕ, ಹೊನ್ನು, ಬೆಂಕಿ, ನೀರು, ರಾಜಪುರುಷ. ಹೊನ್ನು ಬೆಂಕಿಗಳು ಶಪಥಕ್ಕೆ, ನೀರು ಬಾಯಾರಿದವರಿಗೆ. ಗಣಕನ ಕೆಲಸ ವ್ಯಾಜ್ಯದಲ್ಲಿರುವ ಅರ್ಥವನ್ನು ಎಣಿಸುವುದು. ಲೇಖಕನ ಕೆಲಸ ನಡೆದುದನ್ನು ಬರೆಯುವುದು. ಈ ಇಬ್ಬರೂ ಶಬ್ದಾರ್ಥ ಬಲ್ಲವರೂ, ಗಣನೆಯಲ್ಲಿ ಕುಶಲರೂ, ಹಲವು ಲಿಪಿಗಳನ್ನು ಅರಿತವರೂ, ಶುಚಿಗಳೂ ಆಗಿರಬೇಕು. ಅವರನ್ನು ನೇಮಿಸಬೇಕಾದವನು ರಾಜ. ಗಣಕನನ್ನು ವಾದಿ ಕರೆತರುವಂತಿಲ್ಲ, ಪ್ರತಿವಾದಿ ಕರೆತರುವಂತಿಲ್ಲ ಎಂಬುದು ಇದರಿಂದಲೇ ಹೊರಡುವ ಮಾತು. ಕೈಕಾಲುಗಳು ದೇಹಕ್ಕೆ ಸೇರಿದಂತೆ ಅವನು ಸಭೆಗೆ ಸೇರಿದವನು.

ಹಾಗೆಂದು ಲೆಕ್ಕ ಬರೆಯುವವರೆಲ್ಲ ಶುಚಿಗಳೆಂದು ಆ ಕಾಲದವರು ನಂಬಿರಲಿಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ನೀಡಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಪಟಲ’ವೆಂಬ ಲೆಕ್ಕದ ಕಚೇರಿಯ ವರ್ಣನೆಯಿದೆ. ಆಷಾಢದಲ್ಲಿ ವರ್ಷದ ಲೆಕ್ಕ ಒಪ್ಪಿಸಲು ಬಂದ ಕರಣಿಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳದಂತೆ ಕಾಯಬೇಕೆಂಬ ವಿಧಿ ಅಲ್ಲಿದೆ. ಮುಂದಿನ ಅಧ್ಯಾಯದಲ್ಲಿ ರಾಜದ್ರವ್ಯವನ್ನು ನುಂಗುವ 40 ಉಪಾಯಗಳ ಪಟ್ಟಿಯೇ ಇದೆ.

ನಮ್ಮ ಹಳ್ಳಿಗಳಲ್ಲಿ ಈ ಗಣಕ ಲೇಖಕರಿಬ್ಬರೂ ಒಬ್ಬನೇ ಆಗಿ ನಿಂತರು. ಶಾಸನಗಳ ಸೇನಬೋವನೇ ಮುಂದೆ ಶಾನುಭೋಗನಾದ. ಹುಣಸೆಬೀಜದ ಅಂಟಿನಲ್ಲಿ ಮಸಿ ಕಲಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಅವನು ಬರೆದ ಲೆಕ್ಕ ಊರಿನ ನೆನಪಾಗಿತ್ತು. ಹೊಲದ ಬದುವಿನ ಜಗಳವೋ ಕಂದಾಯದ ತಕರಾರೋ ಹುಟ್ಟಿದರೆ ಕಡತವನ್ನು ಬಿಚ್ಚಲೇಬೇಕು. ಬಿಚ್ಚಿದಾಗ ಓದಿ ಅರ್ಥ ಹೇಳಬಲ್ಲವನೂ ಅವನೇ. ವಂಶಪರಂಪರೆಯ ಆ ಹುದ್ದೆ ಮೈಸೂರು ರಾಜ್ಯದಲ್ಲಿ 1961ರ ಗ್ರಾಮಾಧಿಕಾರಗಳ ರದ್ಧತಿಯ ಕಾಯಿದೆಯಿಂದ ಕೊನೆಗಂಡಿತು. ಶಾನುಭೋಗನ ಬಲವೂ ದೌರ್ಬಲ್ಯವೂ ಒಂದೇ: ಬರೆದವನೂ ಅವನೇ, ಅರ್ಥ ಹೇಳುವವನೂ ಅವನೇ. ಇನ್ನೊಬ್ಬನು ಬರೆದುದನ್ನು ಹೊರಗಿನವನಾಗಿ ಪರೀಕ್ಷಿಸಿ ನ್ಯಾಯಾಧೀಶನಿಗೆ ತಿಳಿಸುವ ಪ್ರತ್ಯೇಕ ವೃತ್ತಿಯೊಂದು ಬೆಳೆದುದನ್ನು ನೋಡಬೇಕಾದರೆ ನಾವು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಕಡೆಗೆ ತಿರುಗಬೇಕು. ನಮ್ಮ ಇಂದಿನ ನ್ಯಾಯಸ್ಥಾನಗಳ ಪದ್ಧತಿ ಬಂದುದೂ ಅಲ್ಲಿಂದಲೇ.

1720ರಲ್ಲಿ ಲಂಡನ್ನಿನ ಸೌತ್ ಸೀ ಕಂಪೆನಿಯ ಷೇರುಗಳು ಆಕಾಶಕ್ಕೇರಿ ನೆಲಕ್ಕೆ ಬಿದ್ದುವು. ಸಹಸ್ರಾರು ಮನೆಗಳು ಹಾಳಾದುವು. ಪಾರ್ಲಿಮೆಂಟು ವಿಚಾರಣೆಗೆ ತೊಡಗಿದಾಗ ಕಂಪೆನಿಯ ಕ್ಯಾಷಿಯರ್ ರಾಬರ್ಟ್ ನೈಟ್ ದೇಶ ಬಿಟ್ಟು ಓಡಿದ. ಉಳಿದ ಪುಸ್ತಕಗಳಲ್ಲಿ ಒಂದು ವಿಚಿತ್ರ ಕಂಡಿತು: ಖಜಾನೆಯ ಕಾರ್ಯದರ್ಶಿ ಚಾರ್ಲ್ಸ್ ಸ್ಟ್ಯಾನ್‌ಹೋಪನ ಹೆಸರನ್ನು ತಿದ್ದಿ ‘ಸ್ಟ್ಯಾಂಗೇಪ್’ ಎಂದು ಮಾಡಲಾಗಿತ್ತು. ಸ್ಟ್ಯಾನ್‌ಹೋಪನು ಹೌಸ್ ಆಫ್ ಕಾಮನ್ಸಿನಲ್ಲಿ ಮೂರೇ ಮತಗಳ ಅಂತರದಿಂದ ಪಾರಾದ. ಈ ಗಲಭೆಯ ನಡುವೆ, ಕಂಪೆನಿಯ ನಿರ್ದೇಶಕರಲ್ಲೊಬ್ಬನಾದ ಸಾಬ್ರಿಜ್‌ನ ವ್ಯಾಪಾರಸಂಸ್ಥೆಯ ಪುಸ್ತಕಗಳನ್ನು ಪರೀಕ್ಷಿಸಿ ವರದಿ ಬರೆದವನು ಚಾರ್ಲ್ಸ್ ಸ್ನೆಲ್. ಅವನು ಫಾಸ್ಟರ್ ಲೇನಿನಲ್ಲಿ ಬರವಣಿಗೆ ಕಲಿಸುವ ಉಪಾಧ್ಯಾಯ, ಜೊತೆಗೆ ಲೆಕ್ಕಿಗ. ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದ ಉಪಾಧ್ಯಾಯನೇ ಧನಿಕರ ಖಾತೆಗಳ ತಿದ್ದುಪಡಿಯನ್ನು ನೋಡಲು ಕುಳಿತುದು ಸ್ವಾರಸ್ಯವಾಗಿದೆ.

ಆದರೆ ಕಾಣದ ಸಂಗತಿಯ ಮೇಲೆ ಅಭಿಪ್ರಾಯ ಹೇಳುವವನಿಗೆ ನ್ಯಾಯಸ್ಥಾನದ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1782ರಲ್ಲಿ ನಾರ್‌ಫೋಕಿನ ವೆಲ್ಸ್ ಬಂದರಿನಲ್ಲಿ ಹೂಳು ತುಂಬಿದುದಕ್ಕೆ ಒಂದು ಒಡ್ಡು ಕಾರಣವೇ ಎಂಬ ವ್ಯಾಜ್ಯ ಬಂದಾಗ, ಹೆಸರಾಂತ ಎಂಜಿನಿಯರ್ ಜಾನ್ ಸ್ಮೀಟನ್ನನ ಅಭಿಪ್ರಾಯವನ್ನು ಕೇಳಬಹುದೆಂದು ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಮಾನಿಸಿದರು. ತಜ್ಞಸಾಕ್ಷ್ಯಕ್ಕೆ ಅದು ಹೆದ್ದಾರಿ. ಆ ದಾರಿಯಲ್ಲಿ ಲೆಕ್ಕಿಗನೂ ನಡೆದ. 1817ರ ಮೇಯರ್ ವಿರುದ್ಧ ಸೆಫ್ಟನ್ ಮೊಕದ್ದಮೆಯಲ್ಲಿ ದಿವಾಳಿಯಾದವನೊಬ್ಬನ ಹುಂಡಿಗಳೂ ಲೆಕ್ಕಗಳೂ ರಾಶಿಯಾಗಿದ್ದುವು; ಅವನ್ನೆಲ್ಲ ನ್ಯಾಯಸ್ಥಾನದಲ್ಲಿ ಒಂದೊಂದಾಗಿ ಬಿಚ್ಚಿ ನೋಡುವುದು ಆಗದ ಮಾತು. ಆದಕಾರಣ ಅವನ್ನು ಓದಿ ನೋಡಿದ್ದವನು ಒಟ್ಟು ಫಲವನ್ನು ಹೇಳಬಹುದೆಂದಾಯಿತು.

ಇದೇ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ಬೇರೊಂದು ಪದ್ಧತಿ ಬೇರೂರಿತ್ತು. ಅಲ್ಲಿನ ಉನ್ನತ ನ್ಯಾಯಸ್ಥಾನವಾದ ಕೋರ್ಟ್ ಆಫ್ ಸೆಷನ್, ಲೆಕ್ಕದ ತಂಟೆ ಬಂದಾಗಲೆಲ್ಲ ಕಾಗದಗಳನ್ನು ತಾನೇ ಒಬ್ಬ ಲೆಕ್ಕಿಗನಿಗೆ ಒಪ್ಪಿಸಿ ವರದಿ ತರಿಸಿಕೊಳ್ಳುತ್ತಿತ್ತು. ಆದಕಾರಣ ಎಡಿನ್‌ಬರೋದಲ್ಲಿ ಲೆಕ್ಕಿಗರು ವಕೀಲರ ನೆರೆಮನೆಯವರಂತೆ ಬೆಳೆದರು. ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ 1820ರಲ್ಲಿ ತನ್ನ ತಮ್ಮನಿಗೆ ಬರೆದ ಕಾಗದದಲ್ಲಿ, ಹುಡುಗನಿಗೆ ಲೆಕ್ಕಿಗನ ವೃತ್ತಿಗಿಂತ ಒಳ್ಳೆಯದು ಇನ್ನಿಲ್ಲ, ಅದು ಗೌರವದ ವೃತ್ತಿ ಎಂದು ಬುದ್ಧಿ ಹೇಳಿದ್ದಾನೆ. ಆರು ವರ್ಷಗಳಲ್ಲಿ ಆತನೇ ಸಾಲದಲ್ಲಿ ಮುಳುಗಿ, ಧರ್ಮದರ್ಶಿಗಳ ಕೈಗೆ ತನ್ನ ಆಸ್ತಿಯ ಲೆಕ್ಕ ಒಪ್ಪಿಸಿ, 1832ರಲ್ಲಿ ತೀರಿಕೊಳ್ಳುವವರೆಗೂ ಸಾಲ ತೀರಿಸಲು ಬರೆದ ಕಥೆ ಸಾಹಿತ್ಯಾಭ್ಯಾಸಿಗಳಿಗೆ ಗೊತ್ತಿರುವುದೇ.

1824ರ ಮಾರ್ಚಿಯಲ್ಲಿ ಗ್ಲಾಸ್ಗೋದ ಜೇಮ್ಸ್ ಮೆಕ್‌ಲೆಲೆಂಡ್ ಎಂಬ ತರುಣ ಲೆಕ್ಕಿಗನು ಹೊಸದಾಗಿ ಕಚೇರಿ ತೆರೆದು ಒಂದು ಪ್ರಕಟಣೆಯನ್ನು ಹಂಚಿದ. ಪಾಲುದಾರಿಕೆ ಮುರಿದಾಗ ಲೆಕ್ಕ ತೀರಿಸುವುದು, ವರ್ತಕರ ಪುಸ್ತಕ ಬರೆಯುವುದು ಇತ್ಯಾದಿ ಕೆಲಸಗಳ ಜೊತೆಗೆ, ವಿವಾದದ ಲೆಕ್ಕಗಳನ್ನು ಪರಿಶೀಲಿಸಿ ಪಂಚಾಯಿತರ, ನ್ಯಾಯಸ್ಥಾನಗಳ, ವಕೀಲರ ಮುಂದೆ ಇಡಲು ವರದಿ ಸಿದ್ಧಪಡಿಸುವುದನ್ನೂ ಅವನು ಅದರಲ್ಲಿ ನಮೂದಿಸಿದ್ದ. ಮುಂದೆ ಅವನೇ ಗ್ಲಾಸ್ಗೋ ಲೆಕ್ಕಿಗರ ಸಂಘದ ಮೊದಲ ಅಧ್ಯಕ್ಷನಾದ. ಎಡಿನ್‌ಬರೋ ಸಂಘಕ್ಕೆ 1854ರಲ್ಲಿ, ಗ್ಲಾಸ್ಗೋ ಸಂಘಕ್ಕೆ 1855ರಲ್ಲಿ ರಾಜಶಾಸನ ದೊರೆಯಿತು. ಇಂದು ಪ್ರಪಂಚವೆಲ್ಲ ಬಳಸುವ ‘ಚಾರ್ಟರ್ಡ್ ಅಕೌಂಟೆಂಟ್’ ಎಂಬ ಬಿರುದು ಹುಟ್ಟಿದುದು ಆ ಶಾಸನ ಅಥವಾ ‘ಚಾರ್ಟರ್’ನಿಂದ.

ಇಂಗ್ಲೆಂಡಿನಲ್ಲಾದರೋ ತಜ್ಞನನ್ನು ಕರೆತರುವ ಭಾರ ಕಕ್ಷಿಗಾರನದೇ. ವಾದಿಗೊಬ್ಬ ತಜ್ಞ, ಪ್ರತಿವಾದಿಗೊಬ್ಬ ತಜ್ಞ. ಇಬ್ಬರೂ ವಿದ್ಯಾವಂತರು, ಇಬ್ಬರೂ ಪ್ರಮಾಣ ಮಾಡಿದವರು, ಹೇಳುವುದು ಮಾತ್ರ ಒಂದಕ್ಕೊಂದು ವಿರುದ್ಧ. 1870ರ ದಶಕದಲ್ಲಿ ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್ ಇದನ್ನು ಕಂಡು ಕಟುವಾಗಿ ನುಡಿದರು. ತನಗೆ ಬೇಕಾದ ಅಭಿಪ್ರಾಯ ಕೊಡುವವನು ಸಿಕ್ಕುವ ತನಕ ಕಕ್ಷಿಗಾರನು ತಜ್ಞರ ಮನೆಬಾಗಿಲುಗಳನ್ನು ತಟ್ಟುತ್ತ ಹೋಗುತ್ತಾನೆ. ಒಂದು ಪ್ರಕರಣದಲ್ಲಿ 68 ಮಂದಿಯ ಬಳಿ ಹೋದ ಮೇಲೆ ಅಂಥವನೊಬ್ಬನು ಸಿಕ್ಕಿದನಂತೆ ಎಂದರು. ನ್ಯಾಯಾಧೀಶನ ಕಿವಿಗೆ ಬೀಳುವುದು ಆ ಒಬ್ಬನ ಮಾತು. ಮಿಕ್ಕ 67 ಮಂದಿ ಏನು ಹೇಳಿದರೆಂಬುದು ಯಾವ ದಾಖಲೆಗೂ ಸೇರುವುದಿಲ್ಲ.

ಲೆಕ್ಕಿಗನ ಸಾಕ್ಷ್ಯಕ್ಕೆ ಎಷ್ಟು ತೂಕವಿದೆ, ಅದರ ಮಿತಿ ಎಲ್ಲಿದೆ ಎಂಬುದನ್ನು ಒಟ್ಟಿಗೇ ತೋರಿಸಿದುದು 1931ರ ರಾಯಲ್ ಮೇಲ್ ಮೊಕದ್ದಮೆ. ರಾಯಲ್ ಮೇಲ್ ಸ್ಟೀಮ್ ಪ್ಯಾಕೆಟ್ ಕಂಪೆನಿ ಬ್ರಿಟನ್ನಿನ ದೊಡ್ಡ ಹಡಗಿನ ಕಂಪೆನಿಗಳಲ್ಲೊಂದು. ಟೈಟಾನಿಕ್ ಹಡಗನ್ನು ನಡೆಸಿದ್ದ ವೈಟ್ ಸ್ಟಾರ್ ಲೈನನ್ನೂ ಅದು 1927ರಲ್ಲಿ ಕೊಂಡಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಅದಕ್ಕೆ ಅಪಾರ ಲಾಭ ಬಂದು, ತೆರಿಗೆಗೆಂದು ತೆಗೆದಿಟ್ಟ ಹಣದಲ್ಲಿ ಬಹಳಷ್ಟು ಮಿಕ್ಕಿತು. ಯುದ್ಧಾನಂತರ ವ್ಯಾಪಾರ ಕುಸಿಯಿತು. ಆಗ ಕಂಪೆನಿಯವರು ಬಚ್ಚಿಟ್ಟ ಆ ಗಂಟಿನಿಂದ ವರ್ಷ ವರ್ಷವೂ ಹಣ ತೆಗೆದು ಲೆಕ್ಕಕ್ಕೆ ಸೇರಿಸಿ ಲಾಭ ತೋರಿಸುತ್ತ ಬಂದರು. 1926ರಲ್ಲಿ ನಿಜವಾಗಿ ಆಗಿದ್ದುದು ಸುಮಾರು 3 ಲಕ್ಷ ಪೌಂಡುಗಳ ನಷ್ಟ. ಲೆಕ್ಕಪತ್ರ ತೋರಿಸಿದುದು ಸುಮಾರು 4,39,000 ಪೌಂಡುಗಳ ಮಿಗತೆ. ಇದಕ್ಕೆ ಸುಳಿವಾಗಿ ಪತ್ರದಲ್ಲಿದ್ದುದು ‘ತೆರಿಗೆ ಮೀಸಲುಗಳ ಹೊಂದಾಣಿಕೆ’ಯೂ ಸೇರಿದೆ ಎಂಬ ಒಂದು ತುಂಡು ಮಾತು ಮಾತ್ರ. ಕಂಪೆನಿಯ ಅಧ್ಯಕ್ಷ ಲಾರ್ಡ್ ಕೈಲ್ಸಂಟ್ ಮತ್ತು ಲೆಕ್ಕ ಪರಿಶೋಧಕ ಹೆರಾಲ್ಡ್ ಮಾರ್ಲೆಂಡ್ ಇಬ್ಬರನ್ನೂ ಆ ಜುಲೈನಲ್ಲಿ ಓಲ್ಡ್ ಬೇಯ್ಲಿ ನ್ಯಾಯಸ್ಥಾನದ ಕಟಕಟೆಯಲ್ಲಿ ನಿಲ್ಲಿಸಿದರು.

ಮಾರ್ಲೆಂಡನ ಪರವಾಗಿ ವಕೀಲ ಸರ್ ಪ್ಯಾಟ್ರಿಕ್ ಹೇಸ್ಟಿಂಗ್ಸ್ ಕರೆಸಿದ ತಜ್ಞಸಾಕ್ಷಿ ಲಾರ್ಡ್ ಪ್ಲೆಂಡರ್. ಇಂಗ್ಲೆಂಡಿನ ಲೆಕ್ಕಿಗರಲ್ಲಿ ಆತನಿಗಿಂತ ಹಿರಿಯರಿರಲಿಲ್ಲ. ಅವರ ಸಂಘಕ್ಕೆ ಅಧ್ಯಕ್ಷನಾಗಿದ್ದವನು ಆತ. ಅತ್ಯಂತ ಗೌರವಸ್ಥ ಕಂಪೆನಿಗಳೂ ಗುಪ್ತ ಮೀಸಲುಗಳನ್ನು ಇಟ್ಟುಕೊಂಡು ಬೇಕಾದಾಗ ಬಳಸುವುದುಂಟು, ಇದು ವೃತ್ತಿಯಲ್ಲಿ ಎಲ್ಲರೂ ಒಪ್ಪಿದ ಪದ್ಧತಿ, ಪತ್ರದಲ್ಲಿರುವ ಆ ತುಂಡು ಮಾತು ಸಾಕು ಎಂಬುದು ಆತನ ಸಾಕ್ಷ್ಯದ ಸಾರ. ಅದು ಸುಳ್ಳಾಗಿರಲಿಲ್ಲ. ಪದ್ಧತಿ ನಿಜವಾಗಿಯೂ ಹಾಗೆಯೇ ಇತ್ತು. ಲೆಕ್ಕಪತ್ರಗಳ ಆಪಾದನೆಯಿಂದ ಮಾರ್ಲೆಂಡನೂ ಕೈಲ್ಸಂಟನೂ ಬಿಡುಗಡೆಯಾದರು.

ಆದರೆ ಇನ್ನೊಂದು ಆಪಾದನೆ ಉಳಿದಿತ್ತು. 1928ರಲ್ಲಿ ಕಂಪೆನಿ 20 ಲಕ್ಷ ಪೌಂಡುಗಳ ಸಾಲಪತ್ರಗಳನ್ನು ಜನರಿಗೆ ಮಾರಲು ವಿಜ್ಞಾಪನಾಪತ್ರ ಹೊರಡಿಸಿತ್ತು. ಹಿಂದಿನ ಹತ್ತು ವರ್ಷಗಳ ಲಾಭದ ಸರಾಸರಿಯನ್ನು ಅದರಲ್ಲಿ ಕೊಟ್ಟಿದ್ದರು. ಸರಾಸರಿಯ ಗಣಿತದಲ್ಲಿ ತಪ್ಪಿರಲಿಲ್ಲ. ಆದರೆ ಕೊಬ್ಬಿದ ವರ್ಷಗಳೆಲ್ಲ ಮೊದಲಿನವು, ಈಚಿನವೆಲ್ಲ ಬರಗಾಲದವು. ಬಿಡಿಬಿಡಿಯಾಗಿ ನಿಜವಾದ ಮಾತುಗಳನ್ನು ಕೂಡಿಸಿ ಒಟ್ಟಿನಲ್ಲಿ ಸುಳ್ಳು ಹೇಳಬಹುದೆಂದು ಇಲ್ಲಿ ರುಜುವಾತಾಯಿತು. ಕೈಲ್ಸಂಟನಿಗೆ 12 ತಿಂಗಳ ಸೆರೆಯಾಯಿತು, ಮೇಲ್ಮನವಿಯೂ ಫಲಿಸಲಿಲ್ಲ.

ಈ ತೀರ್ಪಿನಲ್ಲಿ ಒಂದು ಪಾಠವಿದೆ. ತಜ್ಞನು ತನ್ನ ವೃತ್ತಿಯ ರೂಢಿ ಏನೆಂದು ಹೇಳಬಲ್ಲ. ಆ ರೂಢಿ ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದೆಂದು ನಮ್ಮವರು ಹೇಳುವುದು ಇದಕ್ಕಾಗಿಯೇ. ಕಂಪೆನಿಯಲ್ಲಿ ಹಣ ತೊಡಗಿಸಿದ್ದ ವಿಧವೆಗೆ, ನಿವೃತ್ತ ಗುಮಾಸ್ತನಿಗೆ, ಪರಿಶೋಧಕರು ಒಳಗೊಳಗೆ ಒಪ್ಪಿಕೊಂಡ ರೂಢಿ ಹೇಗೆ ಗೊತ್ತಾಗಬೇಕು? ಆ ಮೊಕದ್ದಮೆಯ ಬಳಿಕ ಗುಪ್ತ ಮೀಸಲುಗಳ ಬಗ್ಗೆ ಲೆಕ್ಕಿಗರ ವೃತ್ತಿಯೇ ಎಚ್ಚೆತ್ತಿತು. 1948ರ ಬ್ರಿಟಿಷ್ ಕಂಪೆನಿ ಕಾಯಿದೆ ಮೀಸಲಿನಿಂದ ತೆಗೆದುದನ್ನು ಬಹಿರಂಗವಾಗಿ ತೋರಿಸಬೇಕೆಂದು ವಿಧಿಸಿತು. ಪ್ಲೆಂಡರನ ಸಾಕ್ಷ್ಯ ಒಬ್ಬ ಪರಿಶೋಧಕನನ್ನು ಉಳಿಸಿತು. ಅದೇ ಸಾಕ್ಷ್ಯ ಆ ರೂಢಿಯ ನಿಜರೂಪವನ್ನು ಊರಿಗೆಲ್ಲ ತಿಳಿಸಿ ಅದರ ಆಯುಸ್ಸನ್ನೂ ಮೊಟಕುಗೊಳಿಸಿತು.

ಅದೇ 1931ರ ಅಕ್ಟೋಬರಿನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಆಲ್ ಕಪೋನನಿಗೆ 11 ವರ್ಷ ಸೆರೆಯಾಯಿತು. ಕೊಲೆಗಡುಕರ ನಾಯಕನೆಂದು ಹೆಸರಾದವನು ಸಿಕ್ಕಿಬಿದ್ದುದು ಆದಾಯ ತೆರಿಗೆಯ ಲೆಕ್ಕದಲ್ಲಿ. ತೆರಿಗೆ ಇಲಾಖೆಯ ಫ್ರಾಂಕ್ ವಿಲ್ಸನ್ ಹಳೆಯ ದಾಳಿಯಲ್ಲಿ ವಶವಾಗಿದ್ದ ಜೂಜುಕಟ್ಟೆಯ ಪುಸ್ತಕವನ್ನು ಹುಡುಕಿ ತೆಗೆದು, ಅಕ್ಷರ ಹೋಲಿಸಿ, ಅದನ್ನು ಬರೆದ ಗುಮಾಸ್ತನಾದ ಶಮ್‌ವೇಯನ್ನು ಪತ್ತೆ ಮಾಡಿ ಸಾಕ್ಷಿಕಟ್ಟೆಗೆ ತಂದ. ಶಮ್‌ವೇ ನಮ್ಮ ಶಾನುಭೋಗನ ಜಾತಿಯ ಸಾಕ್ಷಿ, ತಾನೇ ಬರೆದವನು. ಬೇರೆಯವರ ವರಮಾನ ವೆಚ್ಚಗಳನ್ನು ಲೆಕ್ಕ ಹಾಕಿ ಫಲಿತಾಂಶ ಹೇಳುವ ತಜ್ಞನ ವಿಷಯ 1943ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟಿಗೇ ಹೋಯಿತು. ಶಿಕಾಗೋದ ಜೂಜಿನ ಧಣಿ ವಿಲಿಯಮ್ ಜಾನ್ಸನ್ನನ ತೆರಿಗೆ ಮೊಕದ್ದಮೆಯಲ್ಲಿ, ಲೆಕ್ಕದ ತಜ್ಞನು ಜ್ಯೂರಿಯ ಕೆಲಸವನ್ನೇ ಕಸಿದುಕೊಂಡನೆಂಬ ಆಕ್ಷೇಪ ಬಂದಿತು. ಜ್ಯೂರಿಗೆ ಅವನ ಮಾತನ್ನು ತಳ್ಳಿಹಾಕುವ ಸ್ವಾತಂತ್ರ್ಯ ಇದ್ದೇ ಇತ್ತು, ಆದ್ದರಿಂದ ತಪ್ಪಿಲ್ಲ ಎಂದು ಕೋರ್ಟು ಉತ್ತರಿಸಿತು. 1946ರಲ್ಲಿ ಮಾರಿಸ್ ಪೆಲೂಬೆ ಎಂಬ ಲೆಕ್ಕಿಗನು ಈ ವಿದ್ಯೆಗೆ ‘ಫೊರೆನ್ಸಿಕ್ ಅಕೌಂಟಿಂಗ್’ ಎಂಬ ಹೆಸರಿಟ್ಟು ಲೇಖನ ಬರೆದ. ರೋಮನರ ‘ಫೋರಮ್’ ಎಂಬ ಸಭಾಸ್ಥಾನದಿಂದ ಬಂದ ಮಾತು ಅದು. ಸಭೆಯಲ್ಲಿ ನಿಲ್ಲಬಲ್ಲ ಲೆಕ್ಕವೆಂದು ಅರ್ಥ.

ನಮ್ಮ ದೇಶದ ಕಾನೂನಿಗೆ ಬಂದರೆ, ಎರಡು ದಾರಿಗಳೂ ಅಲ್ಲಿ ಅಕ್ಕಪಕ್ಕದಲ್ಲಿ ಕಾಣುತ್ತವೆ. 1872ರ ಸಾಕ್ಷ್ಯ ಕಾಯಿದೆಯ 34ನೆಯ ವಿಧಿಯಂತೆ, ಕ್ರಮವಾಗಿ ಬರೆದ ಲೆಕ್ಕದ ಪುಸ್ತಕ ಸಾಕ್ಷ್ಯವಾಗಬಹುದು. ಆದರೆ ಪುಸ್ತಕದಲ್ಲಿ ಬರೆದಿದೆ ಎಂದಷ್ಟೇ ಒಬ್ಬನ ತಲೆಯ ಮೇಲೆ ಹೊಣೆ ಹೊರಿಸುವಂತಿಲ್ಲ. 45ನೆಯ ವಿಧಿ ಶಾಸ್ತ್ರ ಅಥವಾ ಕಲೆ ಬಲ್ಲವರ ಅಭಿಪ್ರಾಯಕ್ಕೆ ಎಡೆಗೊಟ್ಟಿತ್ತು. ಆ ಕಾಯಿದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ವಿಧಿ ‘ಇನ್ನಾವುದೇ ಕ್ಷೇತ್ರ’ ಎಂಬುದನ್ನೂ ಸೇರಿಸಿ ಬಾಗಿಲನ್ನು ಅಗಲವಾಗಿ ತೆರೆದಿದೆ. ಇದು ಕಕ್ಷಿಗಾರನು ಕರೆತರುವ ತಜ್ಞನ ದಾರಿ.

ಇನ್ನೊಂದು ದಾರಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದ 11 ಮತ್ತು 12ನೆಯ ನಿಯಮಗಳಲ್ಲಿದೆ. ಲೆಕ್ಕ ಪರೀಕ್ಷಿಸಬೇಕಾದ ದಾವೆ ಬಂದರೆ ನ್ಯಾಯಸ್ಥಾನ ತಾನೇ ತಕ್ಕವನೊಬ್ಬನನ್ನು ಕಮಿಷನರನಾಗಿ ನೇಮಿಸಬಹುದು. ಅವನ ವರದಿ ಮೊಕದ್ದಮೆಯಲ್ಲಿ ಸಾಕ್ಷ್ಯವಾಗುತ್ತದೆ. ಅದರಿಂದ ತೃಪ್ತಿಯಾಗದಿದ್ದರೆ ನ್ಯಾಯಾಧೀಶನು ಮತ್ತೆ ವಿಚಾರಣೆ ಮಾಡಿಸಬಹುದು. ಅಣ್ಣತಮ್ಮಂದಿರು ಕೂಡಿ ನಡೆಸಿದ ಅಂಗಡಿ ಒಡೆದಾಗ, ಪಾಲುದಾರನು ಸತ್ತು ಅವನ ಹೆಂಡತಿ ತನ್ನ ಪಾಲು ಕೇಳಿದಾಗ, ಈ ನಿಯಮದ ಬೆಲೆ ತಿಳಿಯುತ್ತದೆ. ಅಂಥ ಹೆಣ್ಣುಮಗಳಿಗೆ ದುಬಾರಿ ತಜ್ಞನನ್ನು ಗೊತ್ತುಮಾಡುವ ಶಕ್ತಿ ಎಲ್ಲಿಯದು? ಪುಸ್ತಕಗಳಿರುವುದು ಎದುರಾಳಿಯ ಬೀರುವಿನಲ್ಲಿ. ತಜ್ಞನೂ ಅವನ ಕಡೆಯವನೇ ಆದರೆ ಅವಳ ಪಾಲಿಗೆ ಉಳಿಯುವುದು ಕಣ್ಣೀರು. ಹೆಸರು ಕಮಿಷನರ್ ಎಂದಿದ್ದರೂ, ನ್ಯಾಯಸ್ಥಾನವೇ ಕಳಿಸಿದ ಈ ಲೆಕ್ಕಿಗನು ಬೃಹಸ್ಪತಿಯ ಗಣಕನೇ.

ಕಕ್ಷಿಗಾರನ ತಜ್ಞನ ಪದ್ಧತಿಗೆ ತವರಾದ ಇಂಗ್ಲೆಂಡ್ ಕೂಡ ಈಚೆಗೆ ಈ ಕಡೆಗೇ ಹೊರಳಿದೆ. 1993ರಲ್ಲಿ ಒಂದು ಹಡಗಿನ ವಿಮೆಯ ಮೊಕದ್ದಮೆಯಲ್ಲಿ ನ್ಯಾಯಾಧೀಶ ಕ್ರೆಸ್‌ವೆಲ್ ತಜ್ಞಸಾಕ್ಷಿಯ ಕರ್ತವ್ಯಗಳನ್ನು ಒಂದೊಂದಾಗಿ ಹೇಳಿದರು. 1999ರ ಏಪ್ರಿಲಿನಲ್ಲಿ ಲಾರ್ಡ್ ವುಲ್ಫರ ಸುಧಾರಣೆಗಳಿಂದ ಬಂದ ಸಿವಿಲ್ ನಿಯಮಾವಳಿ, ಸಂಭಾವನೆ ಯಾರು ಕೊಟ್ಟರೂ ತಜ್ಞನ ಮೊದಲ ಋಣ ನ್ಯಾಯಸ್ಥಾನಕ್ಕೆ ಎಂದು ಸಾರಿತು. ಎರಡು ಕಕ್ಷಿಗಳಿಗೂ ಕೂಡಿ ಒಬ್ಬನೇ ತಜ್ಞನಿರಲೆಂದು ಆಜ್ಞಾಪಿಸುವ ಅಧಿಕಾರವನ್ನೂ ನ್ಯಾಯಾಧೀಶನಿಗೆ ಕೊಟ್ಟಿತು. ಮನಶ್ಶಾಸ್ತ್ರಜ್ಞರೊಬ್ಬರ ವಿಷಯವಾಗಿ ಬಂದ 2011ರ ತೀರ್ಪಿನಲ್ಲಿ, ಅಜಾಗರೂಕತೆಯಿಂದ ಕೆಲಸ ಮಾಡಿದ ತಜ್ಞನ ಮೇಲೆ ಅವನನ್ನು ನೇಮಿಸಿದವನೇ ದಾವೆ ಹೂಡಬಹುದೆಂದು ಅಲ್ಲಿನ ಸುಪ್ರೀಮ್ ಕೋರ್ಟು ಹೇಳಿತು. ಆ ಮಾತು ಲೆಕ್ಕಿಗನಿಗೂ ಸಲ್ಲುತ್ತದೆ.

ಈಗ ಕನ್ನಡದಲ್ಲಿ ‘ಗಣಕ’ವೆಂದರೆ ಯಂತ್ರ. ಕಡತವೂ ಕಿರ್ದಿಯೂ ಅದರ ಹೊಟ್ಟೆ ಸೇರಿವೆ. ‘ಸ್ಟ್ಯಾನ್‌ಹೋಪ’ನನ್ನು ‘ಸ್ಟ್ಯಾಂಗೇಪ’ನನ್ನಾಗಿ ಮಾಡಲು ಕಾಗದ ಹೆರೆಯುವ ಚಾಕುವೂ ಬೇಕಿಲ್ಲ. ಕೂಡುವ ಕಳೆಯುವ ಕುಶಲತೆಯಲ್ಲಿ ಯಂತ್ರ ಮನುಷ್ಯನನ್ನು ಮೀರಿಸಿದೆ. ಸ್ಮೃತಿಕಾರನು ಗಣಕನಿಗೆ ಹೇಳಿದ ಲಕ್ಷಣಗಳಲ್ಲಿ ಗಣನೆ, ಲಿಪಿಗಳೆಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿಬಿಡಬಹುದು. ‘ಶುಚಿ’ ಎಂಬ ಒಂದು ಮಾತು ಮಾತ್ರ ಮನುಷ್ಯನ ಪಾಲಿಗೇ ಉಳಿಯುತ್ತದೆ. ಆ ಮಾತಿನ ಭಾರ ಹೊತ್ತು ಸಾಕ್ಷಿಕಟ್ಟೆ ಹತ್ತುವ ಕರಣಿಕನು ಇರುವ ತನಕ, ಲೆಕ್ಕ ಓದಲು ಬಾರದ ಬಡವನೂ ನ್ಯಾಯಸ್ಥಾನದ ಮೆಟ್ಟಿಲನ್ನು ಧೈರ್ಯವಾಗಿ ಹತ್ತಬಹುದು.